ಲಾರಿಯ ಚಾಸಿಯೂ ಐದನೆಯ ಗಾಲಿಯೂ
(ಕಬ್ಬು ಸಾಗಿಸುವವರಿಗೆ ಕೆಲವು ತಿಳುವಳಿಕೆಯ ಮಾತುಗಳು)

ಯರಗಟ್ಟಿ, ಸವದತ್ತಿ, ಬೈಲಹೊಂಗಲ, ರಾಮದುರ್ಗ ಭಾಗಗಳ ಎರೆಭೂಮಿಯಲ್ಲಿ ಜೋಳ, ಹತ್ತಿ, ಕಡಲೆಗಳ ಜೊತೆಗೆ ಈಗ ಕಬ್ಬೂ ದೊಡ್ಡ ಬೆಳೆಯಾಗಿರುವದು. ಕಬ್ಬು ಕಣಜದಲ್ಲಿಟ್ಟು ಕಾಯುವ ಮಾಲಲ್ಲ. ಕಡಿದ ಗಳಿಗೆಯಿಂದಲೇ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯತೊಡಗುವವು. ಆದ್ದರಿಂದ ಕಡಿದ ಒಂದು ದಿನದೊಳಗೆ ಅದು ಗಾಣಕ್ಕೆ ಬೀಳುವದು ಉತ್ತಮ. ಈ ಅವಸರದಿಂದಲೇ ಒಂದೇ ಸರದಿಗೆ ಹೆಚ್ಚು ಹೇರು ಒಯ್ಯುವ ಆಶೆ ಹುಟ್ಟುವದು. ಹಳೆಯ ಭಾರಿ ಲಾರಿಯ ಡಬ್ಬಿಯನ್ನು ತೆಗೆಸಿ, ಅದರ ಚಾಸಿಯ ಮೇಲೆ ‘ಐದನೆಯ ಗಾಲಿ’ ಎಂಬ ಕೂಡುತಟ್ಟೆಯನ್ನು ಕೂಡ್ರಿಸಿ, ಉದ್ದನೆಯ ಟ್ರೇಲರನ್ನು ಎಳೆಯಿಸಬಹುದೇ ಎಂದು ಕೇಳುವವರುಂಟು. ಈ ಕೆಲಸದ ತತ್ತ್ವವೇನು, ಅಪಾಯವೆಲ್ಲಿದೆ, ನಿಯಮವೇನೆಂಬುದನ್ನು ಇಲ್ಲಿ ವಿವರಿಸಲಾಗುವದು.

೧. ಹೆಸರಿನ ಅರ್ಥ

ನಾಲ್ಕು ಗಾಲಿಯ ಕುದುರೆಬಂಡಿಗಳಲ್ಲಿ ಮುಂದಿನ ಅಚ್ಚು ಸರಾಗವಾಗಿ ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ಬಳೆಯನ್ನು ಇಡುತ್ತಿದ್ದರು. ಅದಕ್ಕೆ ಐದನೆಯ ಗಾಲಿಯೆಂದು ಹೆಸರಾಯಿತು. ೧೯೧೪ರಲ್ಲಿ ಅಮೇರಿಕೆಯ ಡೆಟ್ರಾಯಿಟ್ ಪಟ್ಟಣದ ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರನು, ಫೋರ್ಡ್ ಮೋಟಾರಿನ ಹಿಂದೆ ದೋಣಿಯೊಂದನ್ನು ಸಾಗಿಸಲು ಟ್ರೇಲರನ್ನು ಮಾಡಿಕೊಟ್ಟನು. ಹಿಂದುಗಡೆ ಮಾತ್ರ ಗಾಲಿಗಳಿದ್ದು, ಮುಂದಿನ ಭಾರವನ್ನು ಎಳೆಯುವ ವಾಹನದ ಮೇಲೆಯೇ ಊರುವ ಟ್ರೇಲರಿನ ಕ್ರಮವು ಅನಂತರ ಬೆಳೆಯಿತು. ಟ್ರೇಲರಿನ ಮುಂಭಾಗದ ಕೆಳಗೆ ‘ಕಿಂಗ್‌ಪಿನ್ನು’ ಎಂಬ ದಪ್ಪನೆಯ ಕೀಲಿರುವದು. ಎರಡು ಇಂಚು ವ್ಯಾಸದ ಕೀಲು ಹೆಚ್ಚಾಗಿ ರೂಢಿಯಲ್ಲಿದೆ. ಕೂಡುತಟ್ಟೆಯ ದವಡೆಗಳು ಈ ಕೀಲನ್ನು ಕಚ್ಚಿ ಹಿಡಿಯುವವು.

ನಮ್ಮ ಟ್ರ್ಯಾಕ್ಟರಿನ ನಾಲ್ಕು ಗಾಲಿಯ ಟ್ರೇಲರಿಗೂ ಇದಕ್ಕೂ ಭೇದವುಂಟು. ಅಲ್ಲಿ ಕೊಂಡಿಯು ಎಳೆಯುವದಕ್ಕೆ ಮಾತ್ರ. ಹೇರಿನ ಭಾರವನ್ನೆಲ್ಲ ಟ್ರೇಲರಿನ ಗಾಲಿಗಳೇ ಹೊರುವವು. ಇಲ್ಲಿಯಾದರೋ ಹೇರಿನ ದೊಡ್ಡ ಪಾಲು ಲಾರಿಯ ಬೆನ್ನೇರುವದು. ಆದ್ದರಿಂದ ಚಾಸಿಯ ವಿಚಾರವೇ ಮುಖ್ಯವಾದುದು.

೨. ಭಾರವು ಎಲ್ಲಿ ಬೀಳಬೇಕು

ಚಕ್ಕಡಿ ಹೊಡೆದ ಒಕ್ಕಲಿಗನಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹೇರು ಅಚ್ಚಿನಿಂದ ಮುಂದೆ ತುಸು ವಾಲಿದ್ದರೆ ನೊಗ ನಿಲ್ಲುವದು; ಹಿಂದೆ ವಾಲಿದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಉರುಲಾಗುವದು. ಲಾರಿಯಲ್ಲಿಯೂ ಇದೇ ನ್ಯಾಯ. ಕೂಡುತಟ್ಟೆಯ ನಡುಬಿಂದುವು ಹಿಂದಿನ ಅಚ್ಚಿನ ನೇರಕ್ಕಿಂತ ತುಸು ಮುಂದಿರಬೇಕು, ಎಂದಿಗೂ ಹಿಂದಿರಲಾಗದು.

ಒಂದು ಲೆಕ್ಕ ನೋಡಿರಿ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ೩.೬ ಮೀಟರು ಅಂತರವಿರಲಿ. ಡಬ್ಬಿ ತೆಗೆದ ಲಾರಿಯ ಸ್ವಂತ ತೂಕವು ಮುಂದೆ ೩.೫ ಟನ್ನು, ಹಿಂದೆ ೨.೮ ಟನ್ನು ಇರಲಿ. ಟ್ರೇಲರು ತಟ್ಟೆಯ ಮೇಲೆ ೮ ಟನ್ನು ಊರಲಿ. ತಟ್ಟೆಯು ಹಿಂದಿನ ಅಚ್ಚಿಗಿಂತ ೦.೪೫ ಮೀಟರು ಮುಂದಿದ್ದರೆ, ೮ನ್ನು ೦.೪೫ರಿಂದ ಗುಣಿಸಿ ೩.೬ರಿಂದ ಭಾಗಿಸಲು ೧ ಟನ್ನು ಬರುವದು. ಇದು ಮುಂದಿನ ಅಚ್ಚಿನ ಪಾಲು. ಉಳಿದ ೭ ಟನ್ನು ಹಿಂದಿನದು. ಒಟ್ಟು ಮುಂದೆ ೪.೫, ಹಿಂದೆ ೯.೮ ಟನ್ನು ಆಗುವದು. ಅದೇ ತಟ್ಟೆಯನ್ನು ೦.೪೫ ಮೀಟರು ಹಿಂದಿಟ್ಟರೆ ಮುಂದೆ ೨.೫, ಹಿಂದೆ ೧೧.೮ ಟನ್ನು! ಮುಂದಿನ ಗಾಲಿಗಳು ಹಗುರಾಗಿ ಸ್ಟಿಯರಿಂಗು ಹಿಡಿತ ತಪ್ಪುವದು. ೨೦೧೮ರಲ್ಲಿ ಕೇಂದ್ರ ಸರಕಾರವು ಪರಿಷ್ಕರಿಸಿದ ಮಿತಿಯ ಮೇರೆಗೆ ನಾಲ್ಕು ಟಾಯರಿನ ಒಂಟಿ ಅಚ್ಚಿಗೆ ೧೧.೫ ಟನ್ನು ಗರಿಷ್ಠ. ಹೇರು ಒಂದು ಕಬ್ಬೂ ಹೆಚ್ಚದೆ, ತಟ್ಟೆಯ ಸ್ಥಳದಿಂದಲೇ ಆ ಮಿತಿ ಮೀರಿತು. ತಯಾರಕರು ಅಚ್ಚಿಗೆ ಗೊತ್ತುಪಡಿಸಿದ ಮಿತಿಯು ಇದಕ್ಕಿಂತ ಕಡಿಮೆಯಿದ್ದರೆ ಅದನ್ನೇ ಪಾಲಿಸತಕ್ಕದ್ದು.

೩. ತಿರುವಿನ ಅವಕಾಶ

ಟ್ರೇಲರು ತಿರುಗುವಾಗ ಅದರ ಮುಂದಿನ ಮೂಲೆಯು ಕ್ಯಾಬಿನ್ನಿಗೆ ತಾಗಬಾರದು. ಟ್ರೇಲರಿನ ಮುಂದಂಚು ಕಿಂಗ್‌ಪಿನ್ನಿನಿಂದ ೦.೯ ಮೀಟರು ಮುಂದಿದ್ದು, ಅರ್ಧ ಅಗಲವು ೧.೨ ಮೀಟರು ಇದ್ದರೆ, ಪಿನ್ನಿನಿಂದ ಮೂಲೆಗೆ ೧.೫ ಮೀಟರು ಆಗುವದು. ಕ್ಯಾಬಿನ್ನಿನ ಬೆನ್ನು ಪಿನ್ನಿನಿಂದ ಇದಕ್ಕಿಂತ ದೂರವಿರಬೇಕು. ಹಳ್ಳದ ಇಳಿಜಾರಿನಲ್ಲಿ ಟ್ರೇಲರು ಮುಂದಕ್ಕೆ ಬಾಗುವದರಿಂದ ಇನ್ನಷ್ಟು ಬಿಡುವು ಬೇಕು. ಟ್ರೇಲರಿನ ಊರುಗಾಲುಗಳು ಚಾಸಿಯ ಹಿಂತುದಿಗೆ ತಾಗುವವೋ ಎಂಬುದನ್ನೂ ಅಳೆಯಬೇಕು.

೪. ಚಾಸಿಯ ಕೆಲಸ

ಲಾರಿಯ ಚಾಸಿಯೆಂದರೆ ಉದ್ದಕ್ಕೆ ಮಲಗಿದ ಎರಡು ತೊಲೆಗಳು. ಅವುಗಳ ಅಡ್ಡಕೊಯ್ತವು ಬಾಯಿ ತೆರೆದ ಪೆಟ್ಟಿಗೆಯಂತಿರುವದು. ಭಾರ ಬಿದ್ದು ತೊಲೆ ಬಾಗುವಾಗ ಹೆಚ್ಚಿನ ಬಿಗಿತವು ಮೇಲಿನ ಹಾಗೂ ಕೆಳಗಿನ ಪಟ್ಟಿಗಳಲ್ಲಿ ನಿಲ್ಲುವದು. ನಡುವಿನ ನಿಂತ ತಗಡಿನಲ್ಲಿ ಬಾಗಿನ ಬಿಗಿತವು ಕಡಿಮೆ. ಈ ಒಂದು ಮಾತಿನಿಂದಲೇ ಮುಂದಿನ ನಿಯಮಗಳು ಹೊರಡುವವು.

(ಅ) ಮೇಲಿನ, ಕೆಳಗಿನ ಪಟ್ಟಿಗಳಿಗೆ ತೂತು ಕೊರೆಯಬಾರದು, ಬೆಸುಗೆ ಹಾಕಬಾರದು. ಅಲ್ಲಿಂದಲೇ ಬಿರುಕು ಹುಟ್ಟುವದು.

(ಆ) ತೂತುಗಳನ್ನು ನಿಂತ ತಗಡಿನಲ್ಲಿ, ತಯಾರಕರು ಹೇಳಿದ ಅಂತರದಲ್ಲಿ, ಬೈರಿಗೆ ಯಂತ್ರದಿಂದ ಕೊರೆಯಬೇಕು. ಗ್ಯಾಸಿನ ಉರಿಯಿಂದ ಸುಟ್ಟು ಮಾಡಿದ ತೂತು ಕೆಲಸಕ್ಕೆ ಬಾರದು. ಹದಗೊಳಿಸಿದ ಉಕ್ಕು ಕಾಯ್ದರೆ ತನ್ನ ಬಲವನ್ನು ಕಳೆದುಕೊಳ್ಳುವದು.

(ಇ) ತಟ್ಟೆಯನ್ನು ನೇರವಾಗಿ ತೊಲೆಯ ಮೇಲೆ ಕೂಡ್ರಿಸದೆ, ಉಪಚೌಕಟ್ಟಿನ ಮೇಲೆ ಕೂಡ್ರಿಸಿದರೆ ಭಾರವು ಹಂಚಿಹೋಗುವದು. ಉಪಚೌಕಟ್ಟಿನ ಮುಂತುದಿಯನ್ನು ಓರೆಯಾಗಿ ಇಳಿಸಬೇಕು. ಮೊಂಡಾಗಿ ಕಡಿದು ಬಿಟ್ಟರೆ ಆ ಜಾಗದಲ್ಲಿಯೇ ತೊಲೆ ಮುರಿಯುವ ಸಂಭವವುಂಟು.

(ಈ) ಜೋಡಣೆಗೆ ಹೆಚ್ಚು ಬಲದ ಬೋಲ್ಟುಗಳನ್ನೇ ಬಳಸಿ, ಹೇಳಿದ ಅಳತೆಯ ಬಿಗಿಗೆ ಬಿಗಿಯಬೇಕು. ಸಂತೆಯ ಸಾದಾ ಬೋಲ್ಟು ಸಲ್ಲದು. ಕೆಲವು ದಿನ ಓಡಿದ ಬಳಿಕ ಮತ್ತೆ ಬಿಗಿ ನೋಡಬೇಕು.

(ಉ) ಉದ್ದ ಚಾಸಿಯನ್ನು ನಡುವೆ ಕತ್ತರಿಸಿ ಗಿಡ್ಡ ಮಾಡುವದು ಊರ ಗ್ಯಾರೇಜಿನ ಕೆಲಸವಲ್ಲ. ಅದರಿಂದ ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಅದರ ಓರೆ, ಬ್ರೇಕಿನ ಕೊಳವೆ, ತಂತಿಗಳು ಎಲ್ಲವೂ ಬದಲಾಗುವವು.

೫. ಬ್ರೇಕು ಮತ್ತು ದೀಪ

ಎಳೆಯುವ ಬಲಕ್ಕಿಂತ ನಿಲ್ಲಿಸುವ ಬಲ ದೊಡ್ಡದು. ಟ್ರೇಲರಿಗೆ ಎರಡು ಗಾಳಿಯ ಕೊಳವೆಗಳು ಹೋಗಬೇಕು. ಒಂದು ಸದಾ ಗಾಳಿ ತುಂಬುವದು. ಇನ್ನೊಂದು ಚಾಲಕನು ಪೆಡಲು ತುಳಿದಾಗ ಆಜ್ಞೆಯನ್ನು ಒಯ್ಯುವದು. ಟ್ರೇಲರು ಕಳಚಿಹೋದರೆ ಅದರ ಬ್ರೇಕು ತಾನಾಗಿಯೇ ಹಿಡಿಯುವಂತಿರಬೇಕು. ಟ್ರೇಲರಿನ ಬ್ರೇಕು ಕೆಲಸಮಾಡದಿದ್ದರೆ ಹಿಂದಿನ ಹೇರು ಲಾರಿಯನ್ನು ತಳ್ಳಿ ಅಡ್ಡ ತಿರುಗಿಸುವದು. ಬೆಳಗಾವಿ-ಬಾಗಲಕೋಟೆ ಹೆದ್ದಾರಿಯ ಕತ್ತಲಲ್ಲಿ, ಹಿಂದೆ ದೀಪವಿಲ್ಲದೆ ನಿಂತ ಕಬ್ಬಿನ ವಾಹನವು ಬೈಸಿಕಲ್ಲು, ಮೋಟಾರು ಸೈಕಲ್ಲಿನವರಿಗೆ ಗೋಡೆಯಿದ್ದಂತೆ. ಕೆಂಪು ದೀಪ, ಹೊಳೆಯುವ ಪಟ್ಟಿ ಇವು ಕಬ್ಬಿನ ಗರಿಯಿಂದ ಮುಚ್ಚದಂತೆ ನೋಡಿಕೊಳ್ಳುವದು ಮಾಲಕನ ಧರ್ಮ.

೬. ಕಾಯಿದೆಯ ಮಾತು

೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕರು ನಿರ್ದೇಶಿಸಿದ ಮೂಲ ವಿವರಗಳಿಗೆ ನೋಂದಣಿಪತ್ರದ ವಿವರಗಳು ಭಿನ್ನವಾಗುವ ಹಾಗೆ ವಾಹನವನ್ನು ಮಾರ್ಪಡಿಸಲು ಮಾಲಕನಿಗೆ ಅಧಿಕಾರವಿಲ್ಲ. ಸಾಮಾನು ಹೊರುವ ಲಾರಿಯನ್ನು ಟ್ರೇಲರು ಎಳೆಯುವ ವಾಹನವಾಗಿ ಬದಲಿಸುವದು ಅಂಥ ಮಾರ್ಪಾಡೇ ಸರಿ. ಆದ್ದರಿಂದ ಕಬ್ಬಿಣಕ್ಕೆ ಕೈಹಚ್ಚುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ತಯಾರಕರ ಲಿಖಿತ ಅಭಿಪ್ರಾಯವನ್ನು ಪಡೆಯತಕ್ಕದ್ದು. ಅಪ್ಪಣೆ ದೊರೆಯದಿದ್ದರೆ ಆ ವಿಚಾರವನ್ನು ಅಲ್ಲಿಗೇ ಬಿಡುವದು ಲೇಸು. ೨೦೧೯ರ ತಿದ್ದುಪಡಿಯಿಂದ ಮಿತಿಮೀರಿದ ಹೇರಿಗೆ ೨೦,೦೦೦ ರೂಪಾಯಿ ದಂಡವೂ, ಹೆಚ್ಚಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿಯೂ ಗೊತ್ತಾಗಿವೆ.

೭. ರೈತರಿಗೆ ಸೂಚನೆ

ಉದ್ದ ಟ್ರೇಲರು ಹೆದ್ದಾರಿಗೆ ತಕ್ಕುದು, ಹೊಲದ ಬದುವಿಗಲ್ಲ. ಮಳೆ ಬಿದ್ದ ಎರೆಯಲ್ಲಿ ಅದು ಹುಗಿದರೆ, ಎಬ್ಬಿಸುವಷ್ಟರಲ್ಲಿ ಕಬ್ಬು ಒಣಗುವದು. ಹತ್ತು ಹದಿನೈದು ಮೈಲಿನೊಳಗಿನ ಕಾರಖಾನೆಗೆ ಕಬ್ಬು ಕಳಿಸುವ ಒಬ್ಬೊಬ್ಬ ರೈತನಿಗೆ ಚಕ್ಕಡಿ, ಟ್ರ್ಯಾಕ್ಟರು, ಬಾಡಿಗೆಯ ಲಾರಿಗಳೇ ಸಾಕು. ದೂರದ ಸಾಗಾಣಿಕೆಯನ್ನೇ ವೃತ್ತಿಯಾಗಿ ಉಳ್ಳವರು ತಯಾರಕರೇ ಕಟ್ಟಿಕೊಟ್ಟ ಎಳೆಯುವ ವಾಹನವನ್ನು ಕೊಳ್ಳುವದು ಕ್ಷೇಮ.

ಈಗಾಗಲೇ ಅಂಥ ವಾಹನವುಳ್ಳವರು ಪ್ರತಿ ಸರದಿಗೂ ಮೂರು ಕೆಲಸಗಳನ್ನು ತಪ್ಪದೆ ಮಾಡಬೇಕು: ದವಡೆಯು ಪಿನ್ನನ್ನು ಪೂರ್ತಿ ಕಚ್ಚಿದೆಯೋ ಎಂದು ಕೆಳಗೆ ಬಗ್ಗಿ ದೀಪ ಹಿಡಿದು ನೋಡುವದು, ಟ್ರೇಲರಿನ ಬ್ರೇಕು ಹಿಡಿದು ಲಾರಿಯನ್ನು ಮೆಲ್ಲಗೆ ಮುಂದೆ ಜಗ್ಗಿ ಪರೀಕ್ಷಿಸುವದು, ಚಾಸಿಯ ಬೋಲ್ಟುಗಳ ಸುತ್ತ ತುಕ್ಕಿನ ಗೆರೆಯೋ ಬಿರುಕೋ ಕಂಡರೆ ಹೇರು ಹಾಕದೆ ನಿಲ್ಲಿಸುವದು. ಕಾರಖಾನೆಯ ಕಾಟಾದಲ್ಲಿ ಒಮ್ಮೆ ಮುಂದಿನ ಗಾಲಿಗಳನ್ನಷ್ಟೇ ಏರಿಸಿ ತೂಗಿ ನೋಡಿದರೆ, ಮೇಲೆ ಹೇಳಿದ ಲೆಕ್ಕವು ತನ್ನ ವಾಹನದಲ್ಲಿ ಹೇಗಿದೆಯೆಂಬುದು ಸುಮಾರಾಗಿ ತಿಳಿಯುವದು. ಒಂದು ಸರದಿ ತಡವಾದರೆ ಕಳೆಯುವದು ಕೆಲವು ಮಣ ತೂಕ. ಕೀಲು ಕಳಚಿದರೆ ಕಳೆಯುವದು ಮನುಷ್ಯನ ಜೀವ. ಇದನ್ನು ಮಾಲಕರೂ ಚಾಲಕರೂ ಹಂಗಾಮು ಆರಂಭವಾಗುವ ಮೊದಲೇ ಮನಗಾಣಬೇಕು.