ಚುಕ್ಕಿಯಿಂದ ಶುರುವಾಗುವ ಫೈಲುಗಳು

ನಮ್ಮ ಶಾಲೆಗಳ ಲ್ಯಾಬಿನಲ್ಲಿರುವುದು ಕೈಟ್ ಗ್ನು ಲಿನಕ್ಸ್. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾದ ಕೇರಳ ಸರಕಾರದ ಯೋಜನೆಯೇ 2017ರಲ್ಲಿ ಕೈಟ್ ಆಯಿತು. ಉಬುಂಟು ಎಂಬ ಮುಕ್ತ ತಂತ್ರಾಂಶವನ್ನು ತೆಗೆದುಕೊಂಡು, ಶಾಲೆಗೆ ಬೇಕಾದದ್ದನ್ನು ಸೇರಿಸಿ ಅವರು ಇದನ್ನು ತಯಾರಿಸಿದ್ದಾರೆ. ಅವರು ರಾಜ್ಯದ ಎಲ್ಲ ಶಾಲೆಗಳಿಗಾಗಿ ಮಾಡಿದ ಈ ಕೆಲಸವನ್ನು ನೀವು ನಿಮ್ಮೊಬ್ಬರಿಗಾಗಿ ಮನೆಯ ಲ್ಯಾಪ್‌ಟಾಪಿನಲ್ಲಿ ಮುಂದುವರಿಸಬಹುದು. ಮನೆಯಲ್ಲಿ ತುಳು, ಬ್ಯಾರಿ, ಹವ್ಯಕ, ಮಲಯಾಳ ಎಂತ ಬೇಕಾದರೂ ಮಾತಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಓದುವ ಮಕ್ಕಳು ನೀವು. ನಿಮ್ಮ ಮುಂದೆ ಕಂಪ್ಯೂಟರ್ ಕನ್ನಡದಲ್ಲಿ ಕೂರಬೇಕಾದರೆ ಯಾರದೋ ಆದೇಶಕ್ಕೆ ಕಾಯಬೇಕಾಗಿಲ್ಲ.

ಮೊದಲು ಹೋಮ್ ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಅಷ್ಟರವರೆಗೆ ಕಾಣದಿದ್ದ ಒಂದು ರಾಶಿ ಫೈಲುಗಳು ಕಾಣುತ್ತವೆ, ಎಲ್ಲದರ ಹೆಸರೂ ಚುಕ್ಕಿಯಿಂದ ಶುರು. ಇವು ಅಡಗಿ ಕೂತದ್ದು ಹೇಗೆ ಗೊತ್ತುಂಟಾ? ಯೂನಿಕ್ಸ್ ಬೆಳೆಸಿದವರಲ್ಲಿ ಒಬ್ಬರಾದ ರಾಬ್ ಪೈಕ್ ಹೇಳುವಂತೆ ಇದು ಆಕಸ್ಮಿಕ. ಪ್ರತಿ ಫೋಲ್ಡರಿನಲ್ಲೂ ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಎರಡು ವಿಶೇಷ ಹೆಸರುಗಳು ಇರುತ್ತವೆ. ಪಟ್ಟಿಯಲ್ಲಿ ಅವು ಕಾಣದಿರಲಿ ಎಂದು, ಹೆಸರಿನ ಮೊದಲ ಅಕ್ಷರ ಚುಕ್ಕಿಯಾದರೆ ಬಿಟ್ಟುಬಿಡು ಎಂದು ಯಾರೋ ಅಡ್ಡದಾರಿಯಲ್ಲಿ ಬರೆದರು. ಆಮೇಲೆ ಚುಕ್ಕಿಯಿಂದ ಶುರುವಾಗುವ ಎಲ್ಲ ಹೆಸರೂ ಮಾಯ! ಅಲ್ಲಿಂದ ಪ್ರೋಗ್ರಾಮುಗಳು ತಮ್ಮ ಸೆಟ್ಟಿಂಗ್ಸ್ ಇಡಲು ಈ ಜಾಗವನ್ನೇ ಹಿಡಿದವು. ಇವುಗಳಲ್ಲಿ ಹೆಚ್ಚಿನವು ಬರೀ ಪಠ್ಯ, ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಓದಬಹುದು.

ಒಂದು ಪ್ರಯೋಗ ಮಾಡುವ. ಚುಕ್ಕಿ ಬ್ಯಾಶ್‌ಆರ್‌ಸಿ ಎಂಬ ಫೈಲನ್ನು ಹುಡುಕಿ. ಟರ್ಮಿನಲ್ ತೆರೆದಾಗಲೆಲ್ಲ ಕಂಪ್ಯೂಟರ್ ಮೊದಲು ಓದುವುದು ಇದನ್ನೇ. ತಿದ್ದುವ ಮೊದಲು ಒಂದು ನಕಲು ಮಾಡಿಡಿ, ಇದು ಕಡ್ಡಾಯ. ಈಗ ಫೈಲಿನ ಕಟ್ಟಕಡೆಗೆ ಹೊಸ ಸಾಲು: ಇ-ಸಿ-ಎಚ್-ಒ ಎಂದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಜಾಗ ಬಿಟ್ಟು, ಉದ್ಧರಣ ಚಿಹ್ನೆಗಳ ಒಳಗೆ "ಬನ್ನಿ, ಕೂತುಕೊಳ್ಳಿ" ಎಂದು ಕನ್ನಡದಲ್ಲೇ ಹಾಕಿ. ಉಳಿಸಿ. ಹೊಸ ಟರ್ಮಿನಲ್ ತೆರೆದರೆ ಅದು ನಿಮ್ಮನ್ನು ಕರೆದು ಕೂರಿಸುತ್ತದೆ.

ಅದರ ಕೆಳಗೆ ಇನ್ನೊಂದು ಸಾಲು. ಎ-ಎಲ್-ಐ-ಎ-ಎಸ್ ಬರೆದು, ಜಾಗ ಬಿಟ್ಟು, ದಿನಾಂಕ ಎಂದು ಕನ್ನಡದಲ್ಲಿ, ಸಮ ಚಿಹ್ನೆ, ಆಮೇಲೆ ಡಿ-ಎ-ಟಿ-ಇ. ಸಮ ಚಿಹ್ನೆಯ ಆಚೆ ಈಚೆ ಖಾಲಿ ಜಾಗ ಇರಬಾರದು. ಇನ್ನು ಮೇಲೆ ಹೊಸ ಟರ್ಮಿನಲ್ಲಿನಲ್ಲಿ ದಿನಾಂಕ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಇವತ್ತಿನ ತಾರೀಕು, ಗಂಟೆ ಎಲ್ಲ ಬರುತ್ತದೆ. ಕಂಪ್ಯೂಟರಿಗೆ ಕನ್ನಡದ ಒಂದು ಆಜ್ಞೆ ಕಲಿಸಿದಿರಿ! (ಟರ್ಮಿನಲ್ಲಿನಲ್ಲಿ ನಮ್ಮ ಒತ್ತಕ್ಷರ, ಗುಣಿತಗಳು ಸ್ವಲ್ಪ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಕೆಲಸಕ್ಕೆ ತೊಂದರೆ ಇಲ್ಲ.) ಉದ್ಧರಣ ಚಿಹ್ನೆ ಮುಚ್ಚಲು ಮರೆತರೆ ಟರ್ಮಿನಲ್ ತೆರೆಯುವಾಗ ಸಾಲಿನ ಸಂಖ್ಯೆ ಸಮೇತ ದೂರು ಬರುತ್ತದೆ, ಆ ಸಂಖ್ಯೆಯ ಆಸುಪಾಸು ನೋಡಿದರಾಯಿತು. ಪೂರಾ ಕೆಟ್ಟರೆ ಇಟ್ಟ ನಕಲು ಉಂಟಲ್ಲ.

ಕನ್ನಡ ಟೈಪ್ ಮಾಡಲು ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಎಂಬಲ್ಲಿ ಕನ್ನಡವನ್ನು ಸೇರಿಸಿಕೊಳ್ಳಿ. ಸೂಪರ್ ಕೀಲಿ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಇಲ್ಲಿ ಕಾಸರಗೋಡಿನ ಮಕ್ಕಳಿಗೆ ಒಂದು ಲಾಭ ಉಂಟು. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯನ್ನು ಭಾರತದ ಲಿಪಿಗಳಿಗೆಲ್ಲ ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ಇಂಗ್ಲಿಷಿನ ಕೆ ಕೀಲಿಯಲ್ಲಿ ಕನ್ನಡದ ಕ, ಮಲಯಾಳದ್ದೂ ಕ. ಮಲಯಾಳ ಟೈಪಿಂಗ್ ಗೊತ್ತಿರುವ ನಿಮ್ಮ ಗೆಳೆಯನ ಬೆರಳಿಗೆ ಕನ್ನಡವೂ ಮುಕ್ಕಾಲು ಬಂದ ಹಾಗೆಯೇ. ಯೂನಿಕೋಡ್ ಪಟ್ಟಿಯಲ್ಲೂ ಇದೇ ಜೋಡಣೆ: ಕನ್ನಡದ ಕ ಅಕ್ಷರದ ಸಂಖ್ಯೆ 3221, ಮಲಯಾಳದ ಕ 3349. ವ್ಯತ್ಯಾಸ 128. ಈಗ ಗ, ಮ, ಲ ಅಕ್ಷರಗಳ ಸಂಖ್ಯೆ ಹುಡುಕಿ ಕಳೆದು ನೋಡಿ, ಎಷ್ಟು ಬರುತ್ತದೆ?

ಈ ಕೀಬೋರ್ಡ್ ಆಯ್ಕೆ, ಗೋಡೆಚಿತ್ರ, ಅಕ್ಷರದ ಗಾತ್ರ ಇವೆಲ್ಲ ಮಾತ್ರ ಬರೀ ಪಠ್ಯವಾಗಿ ಸಿಗುವುದಿಲ್ಲ. ಡೆಸ್ಕ್‌ಟಾಪ್ ಅವನ್ನು ಡಿಕಾನ್ಫ್ ಎಂಬ ಒಂದು ದ್ವಿಮಾನ ಫೈಲಿನಲ್ಲಿ ತುಂಬಿಸಿಡುತ್ತದೆ, ಎಡಿಟರಿನಲ್ಲಿ ತೆರೆದರೆ ತಲೆಬುಡ ಅರ್ಥವಾಗದು. ನನಗೆ ಇದು ಅಷ್ಟು ಇಷ್ಟವಿಲ್ಲ. ಆದರೆ ದಾರಿ ಉಂಟು: ಡಿಕಾನ್ಫ್‌ನ ಡಂಪ್ ಆಜ್ಞೆ ಅದನ್ನೆಲ್ಲ ಓದಬಲ್ಲ ಸಾಲುಗಳಾಗಿ ಹೊರಗೆ ಕೊಡುತ್ತದೆ, ಲೋಡ್ ಆಜ್ಞೆ ಆ ಸಾಲುಗಳನ್ನು ಇನ್ನೊಂದು ಕಂಪ್ಯೂಟರಿನೊಳಗೆ ತುಂಬುತ್ತದೆ. ಹಾಗಾಗಿ ಹತ್ತನೇ ಕ್ಲಾಸು ಮುಗಿದು ನೀವು ಎಲ್ಲಿಗೆ ಹೋದರೂ, ಹಳೆ ಲ್ಯಾಪ್‌ಟಾಪ್ ಕೆಟ್ಟರೂ, ಎರಡು ಸಣ್ಣ ಫೈಲುಗಳು ಪೆನ್‌ಡ್ರೈವಿನಲ್ಲಿ ಇದ್ದರೆ ನಿಮ್ಮ ಜೋಡಣೆ ಐದು ನಿಮಿಷದಲ್ಲಿ ವಾಪಸು.

ಲ್ಯಾಬಿನಲ್ಲಿ ಇದನ್ನು ಮಾಡಬೇಕಾದರೆ ಎಲ್ಲರೂ ಬಳಸುವ ಖಾತೆಯನ್ನು ಮುಟ್ಟಬೇಡಿ. ಅಲ್ಲಿ ನೀವು ಬದಲಿಸಿದ್ದು ಮುಂದಿನ ಪಿರಿಯಡಿನ ಮಕ್ಕಳಿಗೂ ಬದಲಾಗುತ್ತದೆ. ನಿಮಗೆ ಬೇರೆ ಖಾತೆ ಮಾಡಿಕೊಡಲು ಐಟಿ ಟೀಚರಲ್ಲಿ ಕೇಳಿ. ಇನ್ನು ಗೆಳೆಯರಿಗೆ ಫೈಲು ಹಂಚುವಾಗ ಹೋಮ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ ಕೊಡಬೇಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಕೂಡ ಅಲ್ಲೇ ಒಂದು ಮೂಲೆಯಲ್ಲಿ ಇರುತ್ತವೆ.