ತೇರು ತಪ್ಪಿದ ದಿನ

ಬಸುರಿಯರ ಕುರಿತ ಅಧ್ಯಯನ ಯಾವುದೇ ಇರಲಿ, ಅದರ ಬುಡದಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಕೊನೆಯ ಸಲ ಮುಟ್ಟಾದದ್ದು ಯಾವಾಗ? ತುಮಕೂರು ಜಿಲ್ಲೆಯ ಕೋರದ ಸುತ್ತಿನ ಹಳ್ಳಿಗಳಲ್ಲಿ, ಆಮೇಲೆ ಗುಬ್ಬಿ, ಕುಣಿಗಲ್ ಕಡೆ ಆಶಾ ಕಾರ್ಯಕರ್ತೆಯರ ಹಿಂದೆ ಮನೆಮನೆ ಸುತ್ತಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಈ ಪ್ರಶ್ನೆಯನ್ನು ಕೇಳುವ ಬಗೆಯೇ.

ತಾರೀಕು ಕೇಳಿದರೆ ಅಂದಾಜು ಸಿಗುತ್ತದೆ. ತಾಯಿ ಕಾರ್ಡುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಿಂಗಳ ಒಂದು, ಹತ್ತು, ಹದಿನೈದನೇ ತಾರೀಕುಗಳೇ ಗುಂಪುಗಟ್ಟಿಕೊಂಡಿರುತ್ತವೆ. ಹಬ್ಬ ಕೇಳಿದರೆ ದಿನವೇ ಸಿಗುತ್ತದೆ. ಕೋರದ ಬಳಿಯ ಮನೆಯೊಂದರ ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಹುಡುಗಿ "ಗ್ಯಾಪಕ ಇಲ್ಲ ಕಣಕ್ಕ" ಅಂದಳು. ಒಳಗಿನಿಂದ ಅವಳ ಅತ್ತೆ, "ಸಿದ್ಗಂಗೆ ತೇರಿಗೆ ನೀನು ಬರ್ಲೇ ಇಲ್ವಲ್ಲೇ, ಹೊರಗಾಗಿದ್ದೆ" ಎಂದರು. "ಹೂಂ ಅಕ್ಕ, ತೇರಿನ ಹಿಂದಿನ ದಿನ." ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಶಿವರಾತ್ರಿ ಹುಡುಕಿ ದಿನ ಗುರುತು ಹಾಕಿಕೊಂಡೆ. ಗುಬ್ಬಿ ಕಡೆ ಚನ್ನಬಸವೇಶ್ವರನ ತೇರು, ಕುಣಿಗಲ್ ಕಡೆ ಯಡಿಯೂರು ಸಿದ್ಧಲಿಂಗೇಶ್ವರನ ತೇರು. ಮುಟ್ಟಾದವರು ಗುಡಿಗೆ ಬರಬಾರದೆಂಬ ಕಟ್ಟುಪಾಡು ನನಗೆ ಒಪ್ಪಿಗೆಯಿಲ್ಲ. ಆದರೆ ತಪ್ಪಿಹೋದ ತೇರನ್ನು ಹೆಣ್ಣುಮಕ್ಕಳು ಮರೆಯುವುದಿಲ್ಲ.

ಇಷ್ಟು ಕೆದಕುವುದು ಏತಕ್ಕೆ? 37 ವಾರ ತುಂಬುವ ಮೊದಲು ಹುಟ್ಟಿದ್ದು ಅವಧಿಗೆ ಮುನ್ನದ ಕೂಸು. ಎರಡು ಕಿಲೋ ತೂಗುವ ಮಗು ದಿನ ತುಂಬದೆ ಹುಟ್ಟಿತೋ, ದಿನ ತುಂಬಿಯೂ ಹೊಟ್ಟೆಯೊಳಗೆ ಬೆಳೆಯಲಿಲ್ಲವೋ? ಎರಡರ ಕಾರಣವೂ ಬೇರೆ, ಆರೈಕೆಯೂ ಬೇರೆ. ವಾರದ ಲೆಕ್ಕ ತಪ್ಪಿದರೆ ಎರಡೂ ಕಲಸಿಹೋಗುತ್ತವೆ.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡವೂ ಪಾಲ್ಗೊಂಡ ಆಸ್ಪಿರಿನ್ ಅಧ್ಯಯನವನ್ನು ನೋಡಿ. ಆರು ದೇಶಗಳ ಸುಮಾರು 12,000 ಚೊಚ್ಚಲ ಬಸುರಿಯರು. ದಿನಕ್ಕೆ 81 ಮಿಲಿಗ್ರಾಂ ಮಾತ್ರೆ. ಅವಧಿಗೆ ಮುನ್ನದ ಹೆರಿಗೆ ನೂರಕ್ಕೆ 13.1 ಇದ್ದದ್ದು ಮಾತ್ರೆ ತೆಗೆದುಕೊಂಡವರಲ್ಲಿ 11.6 ಆಯಿತೆಂದು 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಆದರೆ ಮಾತ್ರೆ ಶುರುವಾಗಬೇಕಿದ್ದದ್ದು 14 ವಾರ ತುಂಬುವುದರೊಳಗೆ, ಅದೂ ಸ್ಕ್ಯಾನಿನಲ್ಲಿ ವಾರ ಖಚಿತವಾದ ಮೇಲೆ. ನಮ್ಮ ಕಡೆ ಮೂರು ತಿಂಗಳಾಗುವ ತನಕ ಬಸಿರಿನ ಸುದ್ದಿ ಹೊಸ್ತಿಲು ದಾಟುವುದಿಲ್ಲ, ದೃಷ್ಟಿಯಾದೀತೆಂಬ ಭಯ. ಅಂಥ ಮನೆಯಲ್ಲೂ ನಂಬಿ ಮಾತಾಡುವುದು ಆಶಾ ಅಕ್ಕನ ಹತ್ತಿರ. ಬಸುರಿ ಸ್ಕ್ಯಾನಿನ ಮೇಜಿಗೆ ಬರುವುದು ಅವಳಿಂದಾಗಿ. ಪ್ರಬಂಧಗಳ ಮೇಲೆ ಅವಳ ಹೆಸರು ಇರುವುದಿಲ್ಲ. ಇರಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ತೊಡಕು ತವರು. ಸೀಮಂತ ಮುಗಿದು ಮಡಿಲು ತುಂಬಿಸಿಕೊಂಡು ಚೊಚ್ಚಲ ಬಸುರಿ ಹೊರಟುಬಿಡುತ್ತಾಳೆ. ಹೆಸರು ಬರೆಸಿದ್ದು ಕೋರದಲ್ಲಿ, ಹೆರಿಗೆ ಕುಣಿಗಲ್‌ನಲ್ಲೋ ಶಿರಾದಲ್ಲೋ. ಹುಟ್ಟಿದ 28 ದಿನದೊಳಗೆ ಕೂಸು ಹೇಗಿತ್ತೆಂದು ತಿಳಿಯದಿದ್ದರೆ ನವಜಾತ ಶಿಶುವಿನ ಅಧ್ಯಯನಕ್ಕೆ ಏನೂ ಉಳಿಯುವುದಿಲ್ಲ. ಕೂಸು ಉಳಿಯದ ಮನೆಯವರು ತಾವಾಗಿ ಫೋನ್ ಮಾಡಿ ತಿಳಿಸುವುದೂ ಇಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ ಬಸುರಿಯ ತಾಯಿಯ ನಂಬರು, ತವರೂರಿನ ಆಶಾಳ ನಂಬರು ಎರಡನ್ನೂ ಬರೆದುಕೊಳ್ಳುವುದು ನಮ್ಮಲ್ಲಿ ರೂಢಿಯಾಯಿತು.

ಬರೆದಿಟ್ಟದ್ದು ಎಷ್ಟು ದೂರ ಬಾಳುತ್ತದೆ ಎಂಬುದಕ್ಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಾ ಬಂದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದಾಗ, ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು, 3.1 ಕಿಲೋ ಮೀರಿದ್ದವರಲ್ಲಿ 3 ಮಂದಿಗೆ ಮಾತ್ರ. ಇದು ಪ್ರಕಟವಾದದ್ದು 1996ರಲ್ಲಿ. ತೂಕ ಬರೆದ ದಾದಿಯರಿಗೆ ಇದರ ಸುಳಿವೂ ಇದ್ದಿರಲಾರದು.

ಹೊಸದಾಗಿ ಸೇರುವ ಹುಡುಗಿಯರನ್ನು ಈಗ ನಾನು ಮೊದಲು ಕಂಪ್ಯೂಟರಿನ ಮುಂದೆ ಕೂರಿಸುವುದಿಲ್ಲ, ಆಶಾ ಅಕ್ಕನ ಜೊತೆ ಊರಿಗೆ ಕಳಿಸುತ್ತೇನೆ. ತಕ್ಕಡಿಯ ಮುಳ್ಳು ಸೊನ್ನೆಗೆ ಬಂದಿದೆಯೇ ನೋಡಿ, ಬಟ್ಟೆ ತೆಗೆದು ಕೂಸನ್ನು ಮಲಗಿಸಿ, ತೂಕವನ್ನು ಅಲ್ಲೇ ನಿಂತು ಬರೆದು, ತಕ್ಷಣ ಕೂಸನ್ನು ತಾಯಿಯ ಮೈಗೆ ಒತ್ತಿ ಹೊದಿಸಲು ಅವರು ಅಲ್ಲಿ ಕಲಿಯುತ್ತಾರೆ.