ಔಷಧವೇ ವ್ಯಾಧಿಯಾದಾಗ

‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಆದರೆ ಕೆಲವು ಔಷಧಗಳು ಉಚಿತ ಪ್ರಮಾಣದಲ್ಲಿಯೇ ಸೇವಿಸಿದರೂ ಕೆಲವರ ಶ್ವಾಸಕೋಶಗಳಿಗೆ ಹಾನಿಯನ್ನುಂಟುಮಾಡುತ್ತವೆ. ಇಂತಹ ಹಾನಿ ವಿರಳ. ಆದರೂ ಸಕಾಲದಲ್ಲಿ ಕಾರಣವನ್ನು ಗುರುತಿಸದಿದ್ದರೆ ಪ್ರಾಣಕ್ಕೇ ಅಪಾಯವೊದಗಬಹುದು.

ಕಾರಣವನ್ನು ಗುರುತಿಸುವುದು ಸುಲಭವಲ್ಲ. ಒಣಕೆಮ್ಮು, ಏದುಸಿರು, ಕೆಲವೊಮ್ಮೆ ಜ್ವರ—ಇವು ಇದರ ಲಕ್ಷಣಗಳು. ನ್ಯುಮೋನಿಯಾದಲ್ಲಿಯೂ ಇವೇ ತೋರುತ್ತವೆ. ಹೃದಯ ದುರ್ಬಲವಾದಾಗಲೂ ಕೆಮ್ಮು, ಏದುಸಿರು ಬರುತ್ತವೆ. ಕ್ಷ-ಕಿರಣದ ಚಿತ್ರವು ಶ್ವಾಸಕೋಶದಲ್ಲಿನ ನೆರಳನ್ನು ತೋರಿಸಬಲ್ಲುದು. ಆ ನೆರಳಿಗೆ ಕಾರಣವಾದ ಔಷಧದ ಹೆಸರನ್ನು ಹೇಳಲಾರದು. ಆದುದರಿಂದ ವೈದ್ಯರು ಪತ್ತೇದಾರರಂತೆ ಹೆಜ್ಜೆಹೆಜ್ಜೆಯಾಗಿ ಮುನ್ನಡೆಯಬೇಕಾಗುತ್ತದೆ.

ಮೊದಲನೆಯದು, ಕಾಲದ ವಿಚಾರಣೆ. ರೋಗಿಯು ಯಾವ ಔಷಧವನ್ನು ಎಂದಿನಿಂದ ಸೇವಿಸುತ್ತಿದ್ದಾನೆ? 1953ರಿಂದ ಬಳಕೆಯಲ್ಲಿರುವ, ಮೂತ್ರದ ಸೋಂಕಿಗೆ ಕೊಡುವ ನೈಟ್ರೊಫ್ಯುರಾಂಟೊಯಿನ್ ಕೆಲವರಲ್ಲಿ ಕೆಲವೇ ದಿನಗಳಲ್ಲಿ ಜ್ವರ, ಕೆಮ್ಮುಗಳನ್ನು ತರುತ್ತದೆ. ದೀರ್ಘಕಾಲ ಸೇವಿಸಿದ ಮತ್ತೆ ಕೆಲವರಲ್ಲಿ ಸದ್ದಿಲ್ಲದೆ ಶ್ವಾಸಕೋಶವನ್ನು ಗಡುಸಾಗಿಸುತ್ತದೆ. ಹೃದಯದ ಬಡಿತವನ್ನು ಕ್ರಮಗೊಳಿಸುವ ಅಮಿಯೊಡರೋನಿನ ಹಾನಿ ಸಾಮಾನ್ಯವಾಗಿ ತಿಂಗಳುಗಳ ಅನಂತರ ಕಾಣಿಸುತ್ತದೆ. ಅಷ್ಟರಲ್ಲಿ ದಿನನಿತ್ಯದ ಆ ಮಾತ್ರೆಯ ಮೇಲೆ ಯಾರಿಗೆ ತಾನೆ ಸಂಶಯ ಬಂದೀತು?

ಎರಡನೆಯದು, ಇತರ ಕಾರಣಗಳ ನಿವಾರಣೆ. ಕಫ, ರಕ್ತಗಳ ಪರೀಕ್ಷೆಯಿಂದ ಸೋಂಕು ಇದೆಯೇ ಎಂದೂ, ಹೃದಯದ ಪರೀಕ್ಷೆಯಿಂದ ಅದು ಸ್ವಸ್ಥವಾಗಿದೆಯೇ ಎಂದೂ ತಿಳಿಯಬೇಕು.

ಮೂರನೆಯದು, ಸಂದೇಹವಿರುವ ಔಷಧವನ್ನು ನಿಲ್ಲಿಸಿ ಕಾದುನೋಡುವುದು. ನೈಟ್ರೊಫ್ಯುರಾಂಟೊಯಿನ್‌ನಿಂದ ತಟ್ಟನೆ ಬಂದ ಬೇನೆ, ಔಷಧ ನಿಂತೊಡನೆ ಬೇಗ ಇಳಿಯುತ್ತದೆ. ಅಮಿಯೊಡರೋನಾದರೋ ದೇಹದ ಕೊಬ್ಬಿನಲ್ಲಿ ಸೇರಿಕೊಂಡು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಗುಣ ಕಾಣಲು ತಾಳ್ಮೆ ಬೇಕು.

ಒಬ್ಬ ವೈದ್ಯರ ಸಂದೇಹ ಅನೇಕರಿಗೆ ಎಚ್ಚರಿಕೆಯಾಗಬಲ್ಲುದು. ಇಂತಹ ವರದಿಗಳನ್ನು ಸಂಗ್ರಹಿಸಲೆಂದೇ ಭಾರತದಲ್ಲಿ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಯಿತು.

ಈ ಶೋಧನೆಯಲ್ಲಿ ರೋಗಿಯ ಮನೆಯವರಿಗೂ ಪಾತ್ರವುಂಟು. ಔಷಧದ ಚೀಟಿಗಳನ್ನು ಜೋಪಾನವಾಗಿಟ್ಟು, ಹಳೆಯ ಮಾತ್ರೆಗಳ ಹೆಸರನ್ನೂ ಮರೆಮಾಚದೆ ವೈದ್ಯರಿಗೆ ತಿಳಿಸಬೇಕು. ಆದರೆ ಭಯದಿಂದ ತಾವಾಗಿಯೇ ಔಷಧವನ್ನು ನಿಲ್ಲಿಸಬಾರದು. ಶ್ವಾಸಕೋಶವನ್ನು ನೋಯಿಸುವ ಔಷಧವೇ ಹೃದಯವನ್ನು ಕಾಯುತ್ತಿರಬಹುದು. ಔಷಧವನ್ನು ಕುರುಡಾಗಿ ನಂಬುವುದೂ ಸಲ್ಲದು, ಕುರುಡಾಗಿ ಶಂಕಿಸುವುದೂ ಸಲ್ಲದು. ವಿಚಾರಿಸಿ ಅರಿಯುವುದೇ ವಿವೇಕ.

ಅಭ್ಯಾಸ

1. ಕ್ಷ-ಕಿರಣದ ಚಿತ್ರವೊಂದೇ ಕಾರಣವನ್ನು ತಿಳಿಸಲಾರದೇಕೆ?
2. ವೈದ್ಯರು ಅನುಸರಿಸುವ ಮೂರು ಹೆಜ್ಜೆಗಳನ್ನು ವಿವರಿಸಿರಿ.
3. ರೋಗಿಯು ತಾನಾಗಿಯೇ ಔಷಧವನ್ನು ಏಕೆ ನಿಲ್ಲಿಸಬಾರದು?